ಸುಂಟಿಕೊಪ್ಪದಿಂದ ರೈಲು ಹಿಡಿಯಲು ಯಾವ ದಾರಿ?

ಕೊಡಗಿನಲ್ಲಿ ರೈಲು ಹಳಿಯಿಲ್ಲ. ಮೈಸೂರು–ಕುಶಾಲನಗರ ಮಾರ್ಗದ ಸುದ್ದಿ ಆಗಾಗ ಅರಳುತ್ತದೆ, ಕಾಫಿ ಹೂವಿನಂತೆ ಮೂರು ದಿನಕ್ಕೆ ಕಂದುತ್ತದೆ. ಹಾಗಾಗಿ ನಮ್ಮ ರೈಲು ಪ್ರಯಾಣ ಯಾವಾಗಲೂ ಬಸ್ಸಿನಿಂದಲೇ ಶುರು. ಸುಂಟಿಕೊಪ್ಪದ ನನ್ನ ಮನೆಯಿಂದ ಮೂರು ದಿಕ್ಕಿಗೂ ಹೋಗಿ ನೋಡಿದ್ದೇನೆ: ಪೂರ್ವಕ್ಕೆ ಮೈಸೂರು, ಉತ್ತರಕ್ಕೆ ಸಕಲೇಶಪುರ, ನೈಋತ್ಯಕ್ಕೆ ಕಣ್ಣೂರು.

ಮೈಸೂರಿನ ಅನುಕೂಲ ಎಲ್ಲರಿಗೂ ಗೊತ್ತಿರುವಂಥದ್ದೇ. ಹುಣಸೂರು ರಸ್ತೆಯಲ್ಲಿ ಬಸ್ಸಿಗೆ ಕಾಯಬೇಕಾಗಿಲ್ಲ. ಅಲ್ಲಿಂದ ಬೆಂಗಳೂರಿಗೆ ಸುಮಾರು 139 ಕಿಲೋಮೀಟರ್, ಪೂರ್ತಿ ಜೋಡಿ ಹಳಿ, ಪೂರ್ತಿ ವಿದ್ಯುತ್. ಎದುರಿನ ಗಾಡಿಗೆ ದಾರಿ ಬಿಡಲು ಮದ್ದೂರಿನಲ್ಲೋ ಚನ್ನಪಟ್ಟಣದಲ್ಲೋ ಕಾದು ಕೂರುವ ಕಾಲ ಹೋಯಿತು. ಮೆಮು ಗಾಡಿಯಾದರೆ ಮುಂದೆ ಬೇರೆ ಎಂಜಿನ್ ಇರುವುದಿಲ್ಲ, ಬೋಗಿಗಳ ಅಡಿಯಲ್ಲೇ ಮೋಟಾರು. ನಿಂತಲ್ಲಿಂದ ಬೇಗ ವೇಗ ಹಿಡಿಯುತ್ತದೆ. ಆದರೆ ಬೆಳಗಿನ ಗಾಡಿಯಲ್ಲಿ ಮಂಡ್ಯ ಬಂದ ಮೇಲೆ ತಿಂಗಳ ಪಾಸಿನವರದೇ ರಾಜ್ಯ. ಒಮ್ಮೆ ನನ್ನನ್ನು ಕಿಟಕಿಯ ಪಕ್ಕದಿಂದ ಎಬ್ಬಿಸಿ, ನಾಲ್ವರು ಮೊಣಕಾಲುಗಳ ಮೇಲೆ ಬ್ರೀಫ್‌ಕೇಸ್ ಇಟ್ಟು ಇಸ್ಪೀಟು ಹಾಕಿಕೊಂಡರು. ಜಗಳವಾಡಲಿಲ್ಲ, ಅವರ ಆಟ ಚೆನ್ನಾಗಿಯೇ ಇತ್ತು.

ಬೆಂಗಳೂರು ಹತ್ತಿರವಾದಾಗ ಬಾಗಿಲ ಬಳಿ ನಿಂತು ತಿರುವುಗಳಲ್ಲಿ ಸಿಗ್ನಲ್ ನೋಡುವುದು ನನ್ನ ಚಟ. ಹಸಿರು, ನಂತರ ಎರಡು ಹಳದಿ, ನಂತರ ಒಂದೇ ಹಳದಿ. ಒಂದೇ ಹಳದಿ ಎಂದರೆ ಮುಂದಿನ ಸಿಗ್ನಲ್‌ನಲ್ಲಿ ನಿಲ್ಲಲು ಸಿದ್ಧನಾಗು ಎಂದು ಚಾಲಕನಿಗೆ ಹೇಳಿದಂತೆ. ಅದು ಕಂಡೊಡನೆ ಮಗಳಿಗೆ ಫೋನ್ ಮಾಡಿ, "ಅವಸರ ಮಾಡಬೇಡ ಕೂಸೇ, ನಾವು ಊರ ಹೊರಗೆ ನಿಲ್ಲುತ್ತೇವೆ" ಎನ್ನುತ್ತೇನೆ. ಹೆಚ್ಚು ಸಲ ತಪ್ಪಿಲ್ಲ. ಹಾಗೆಂದು, ಬರೀ ಬೆಂಗಳೂರಿಗೇ ಹೋಗುವುದಾದರೆ ಮೈಸೂರಿನಲ್ಲಿ ಇಳಿದು ರೈಲು ಹತ್ತುವುದರಲ್ಲಿ ಈಗ ಅರ್ಥವಿಲ್ಲ. 2023ರಲ್ಲಿ ಹೆದ್ದಾರಿ ತೆರೆದ ಮೇಲೆ ಮಡಿಕೇರಿಯ ನೇರ ಬಸ್ಸೇ ಗೆದ್ದಿದೆ. ಮೈಸೂರು ಬೇಕಾಗುವುದು ಚೆನ್ನೈ ಕಡೆಗೆ ಹೋಗುವವರಿಗೆ.

ಇನ್ನು ಸಕಲೇಶಪುರ. ಲೆಕ್ಕದ ಪ್ರಕಾರ ಇದು ಮೂರರಲ್ಲಿ ಅತಿ ದಡ್ಡ ಆಯ್ಕೆ. ಮಾದಾಪುರ, ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆ ಎಂದು ಬಸ್ಸು ಬದಲಿಸುತ್ತಾ ಹೋಗಬೇಕು. ಮಂಗಳೂರಿಗೆ ಹೋಗುವವನು ಬಸ್ಸಿನಲ್ಲಿ ಸಂಪಾಜೆ ಘಾಟಿ ಇಳಿದರೆ ಇಷ್ಟು ಹೊತ್ತಿಗೆ ಪುತ್ತೂರು ದಾಟಿರುತ್ತಾನೆ. ಆದರೂ 2022ರ ಅಕ್ಟೋಬರಿನಲ್ಲಿ ಹಠ ಹಿಡಿದು ಹೋದೆ.

ನಾನು ಸಕಲೇಶಪುರ ನಿಲ್ದಾಣಕ್ಕೆ ಹೋದ ಹೊತ್ತಿಗೆ ಘಾಟಿಯ ಕೆಳಗಿನಿಂದ ಟ್ಯಾಂಕರ್ ವ್ಯಾಗನ್‌ಗಳ ಗೂಡ್ಸ್ ಗಾಡಿಯೊಂದು ಹತ್ತಿ ಬರುತ್ತಿತ್ತು. ಮುಂದಿನ ಎಂಜಿನ್ ನಮ್ಮನ್ನು ದಾಟಿ ಎಷ್ಟೋ ಹೊತ್ತಾದ ಮೇಲೆ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್‌ಗಳು ಬಂದವು. ಪ್ಲಾಟ್‌ಫಾರ್ಮಿನ ಕಲ್ಲು ಅಂಗಾಲಿನಲ್ಲಿ ನಡುಗಿತು, ಚಹಾ ಲೋಟದಲ್ಲಿ ಉಂಗುರ ಎದ್ದಿತು. ಇಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳು. 50 ಮೀಟರಿಗೆ 1 ಮೀಟರ್ ಏರು. ಸಂಪಾಜೆ ಹತ್ತುವ ಬಸ್ಸಿಗೆ ಅದು ಏರು ಎಂದೇ ಅನಿಸುವುದಿಲ್ಲ. ಆದರೆ ಉಕ್ಕಿನ ಚಕ್ರಕ್ಕೆ ಉಕ್ಕಿನ ಹಳಿಯ ಮೇಲೆ ಹಿಡಿತ ಕಡಿಮೆ, ಮಳೆ ಬಿದ್ದರೆ ಇನ್ನೂ ಕಡಿಮೆ. ಚಕ್ರ ಜಾರಿದರೆ ಎಂಜಿನ್ ತಾನೇ ಹಳಿಗೆ ಮರಳು ಉದುರಿಸಿಕೊಳ್ಳುತ್ತದೆ.

ನಮ್ಮ ಗಾಡಿ ಇಳಿಯಲು ಶುರುವಾದ ಮೇಲೆ ಮುಂದಿನಿಂದ ಒಂದು ಊಳಿಡುವ ಸದ್ದು. ಡೀಸೆಲ್ ಎಂಜಿನ್ನಿನ ಮೋಟಾರುಗಳೇ ಜನರೇಟರ್‌ನಂತೆ ತಿರುಗಿ ವೇಗವನ್ನು ತಡೆಯುತ್ತವೆ. ಹುಟ್ಟಿದ ವಿದ್ಯುತ್ತನ್ನು ಶಾಖವಾಗಿ ಹೊರದಬ್ಬುವ ಫ್ಯಾನಿನ ಸದ್ದು ಅದು. 30 ಕಿಲೋಮೀಟರಿನ ಆಚೀಚೆ ವೇಗ. ಎಡಕುಮೇರಿಯಂಥ ಕಾಡಿನ ನಡುವಿನ ನಿಲ್ದಾಣಗಳಲ್ಲಿ ಗುಡ್ಡದ ಕಡೆಗೆ ಏರಿ ಮೊಂಡಾಗಿ ಮುಗಿಯುವ ಒಂದು ಹಳಿ ಕಾಣುತ್ತದೆ. ಹಿಡಿತ ತಪ್ಪಿ ಉರುಳಿಬರುವ ಗಾಡಿಯನ್ನು ಅದರತ್ತ ತಿರುಗಿಸಿ, ಏರಿನಲ್ಲಿಯೇ ಸುಸ್ತಾಗಿಸುವ ಉಪಾಯ. ಪಕ್ಕದಲ್ಲಿದ್ದ ಅಜ್ಜಿ ಸುರಂಗ ಬಂದಾಗಲೆಲ್ಲ ಕಣ್ಣು ಮುಚ್ಚಿ ಸುಬ್ಬಪ್ಪನನ್ನು ನೆನೆಯುತ್ತಿದ್ದರು. 57 ಸಲ ನೆನೆದಂತಾಯಿತು.

ಮಳೆಗಾಲದಲ್ಲಿ ಮಾತ್ರ ಈ ದಾರಿಯನ್ನು ನಂಬಬೇಡಿ. 2018ರಲ್ಲಿಯೂ 2024ರ ಜುಲೈಯಲ್ಲಿಯೂ ಗುಡ್ಡ ಜರಿದು ಗಾಡಿಗಳು ನಿಂತಿದ್ದವು.

ಕಣ್ಣೂರಿನ ಬಗ್ಗೆ ಹೇಳುವುದು ಕಡಿಮೆ, ಬಳಸುವುದು ಹೆಚ್ಚು. ಚೆಟ್ಟಳ್ಳಿ, ಸಿದ್ದಾಪುರ, ವಿರಾಜಪೇಟೆ; ಅಲ್ಲಿಂದ ಮಾಕುಟ್ಟ ಘಾಟಿ ಇಳಿದು ಇರಿಟ್ಟಿ. ಕರಾವಳಿಯ ಜೋಡಿ ಹಳಿ, ವಿದ್ಯುತ್ ಎಂಜಿನ್, ಮುಂಬೈಗೂ ದೆಹಲಿಗೂ ನೇರ ಗಾಡಿ. ನೋಡಲು ಏನೂ ಇಲ್ಲ ಎನ್ನುವಷ್ಟು ಸಲೀಸು. ತೊಂದರೆಯೆಲ್ಲ ರೈಲಿನದಲ್ಲ, ಮಾಕುಟ್ಟದ್ದು: 2018ರ ಮಳೆಗೆ ಆ ರಸ್ತೆಯೂ ಕುಸಿದಿತ್ತು. ಜೊತೆಗೆ ಮುಂಗಾರಿನಲ್ಲಿ ಕೊಂಕಣ ಮಾರ್ಗದ ವೇಳಾಪಟ್ಟಿಯೇ ಬೇರೆ. ಹಳೆಯ ಸಮಯ ನೋಡಿಕೊಂಡು ಹೋಗಿ ನಾನು ಒಮ್ಮೆ ಗಾಡಿಯ ಬೆನ್ನನ್ನಷ್ಟೇ ಕಂಡಿದ್ದೇನೆ.

ಮುಂದಿನ ತಿಂಗಳು ಮುಂಬೈಯಲ್ಲಿ ತಮ್ಮನ ಮಗಳ ಮದುವೆ. ಹೋಗಲು ಕಣ್ಣೂರಿನಿಂದ ಟಿಕೆಟ್ ಆಗಿದೆ. ಬರುವಾಗ ಮಂಗಳೂರಿನಲ್ಲಿ ಇಳಿದು, ಹಗಲು ಗಾಡಿಯಲ್ಲಿ ಘಾಟಿ ಹತ್ತಿ ಸಕಲೇಶಪುರದ ಮೇಲೆ ಬರೋಣ ಎಂದೆ. "ನೀವು ಬನ್ನಿ" ಎಂದಳು ಹೆಂಡತಿ, "ನಾನು ಸಂಪಾಜೆ ಬಸ್ಸಿನಲ್ಲಿ ಬಂದು ಅನ್ನಕ್ಕಿಟ್ಟಿರುತ್ತೇನೆ."