ಗೇರ್‌ಬಾಕ್ಸ್ ಇಳಿಸೋಕೆ ಒಪ್ಪುವ ಮುಂಚೆ ಇಷ್ಟು ನೋಡಿ

ಗೇರ್ ಬೀಳುತ್ತಿಲ್ಲ ಅಂತ ಕಾರನ್ನು ಗ್ಯಾರೇಜಿಗೆ ಬಿಡುವವರಿದ್ದರೆ ದಯವಿಟ್ಟು ಇದನ್ನು ಓದಿಕೊಂಡು ಹೋಗಿ. ನನ್ನ ಕಾರಿಗೆ ಸುಮ್ನೆ ಒಂದು ಪೂರ್ತಿ ಕ್ಲಚ್ ಸೆಟ್ ಹಾಕಿಸಿದೆ. ಕೆಟ್ಟಿದ್ದದ್ದು ಒಂದು ಸಣ್ಣ ರಬ್ಬರ್ ಸೀಲ್.

ಶುರುವಾದದ್ದು ರಿವರ್ಸ್ ಗೇರಿನಿಂದ. ಕ್ಲಚ್ ಪೆಡಲ್ ಪೂರ್ತಿ ಒತ್ತಿದರೂ ಕರ್ರ್ ಅಂತ ಸದ್ದು. ಆಮೇಲೆ ಫಸ್ಟ್ ಗೇರೂ ಬೀಳದಾಯಿತು. ಎಂಜಿನ್ ಆಫ್ ಇದ್ದಾಗ ಮಾತ್ರ ಎಲ್ಲ ಗೇರುಗಳೂ ಸಲೀಸಾಗಿ ಬೀಳುತ್ತಿದ್ದವು. ಒಂದು ದಿನ ಸಿಗ್ನಲ್‌ನಲ್ಲಿ ಫಸ್ಟ್ ಗೇರ್ ಹಾಕಿ, ಪೆಡಲ್ ತಳಮುಟ್ಟ ಒತ್ತಿ ಹಿಡಿದಿದ್ದೆ. ಕಾರು ತಾನಾಗಿ ಮುಂದಕ್ಕೆ ತೆವಳಿತು. ಮುಂದಿನ ಗಾಡಿಗೆ ಒಂದು ಗೇಣು ಇರುವಾಗ ಬ್ರೇಕ್ ಒತ್ತಿದೆ. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಗ್ಯಾರೇಜಿನವರು ಬಾನೆಟ್ ತೆಗೆದು, ಡಬ್ಬಿಯಲ್ಲಿ ಬ್ರೇಕ್ ಆಯಿಲ್ (ನನ್ನ ಕಾರಿನ ಕ್ಲಚ್ ಕೂಡ ಈ ಆಯಿಲ್ ಒತ್ತಡದಿಂದಲೇ ನಡೆಯುತ್ತದೆ) ತುಂಬಿರುವುದನ್ನು ನೋಡಿ, 'ಆಯಿಲ್ ಸರಿಯಾಗಿದೆ, ಕ್ಲಚ್ ಪ್ಲೇಟ್ ಹೋಗಿದೆ' ಅಂದರು. ಗೇರ್‌ಬಾಕ್ಸ್ ಇಳಿಸಿ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗ್ ಎಲ್ಲ ಹೊಸದು ಹಾಕಿದರು. ಕಾರು ತಂದ ಎರಡೇ ದಿನಕ್ಕೆ ಮತ್ತೆ ಅದೇ ಕರ್ರ್. ಕೇಳಿದರೆ, 'ಹೊಸ ಪ್ಲೇಟ್ ಅಲ್ವಾ, ಸೆಟ್ ಆಗ್ಬೇಕು, ಸ್ವಲ್ಪ ಓಡಿಸಿ' ಅಂದರು. ನಂಬಿ ಓಡಿಸಿದೆ. ಹಳೆ ಪ್ಲೇಟನ್ನು ಕೇಳಿ ತಂದಿದ್ದೆ. ಅದರ ರಿವೆಟ್ ತಲೆಗಳು ಲೈನಿಂಗ್‌ಗಿಂತ (ಉಜ್ಜಿ ಸವೆಯುವ ಪದರಕ್ಕಿಂತ) ಇನ್ನೂ ಚೆನ್ನಾಗಿ ಒಳಗಿದ್ದವು. ಅಂದರೆ ಅಷ್ಟೇನೂ ಸವೆದಿರಲಿಲ್ಲ.

ಒಂದು ವಿಷಯ ನನಗೆ ಗೊತ್ತಿರಲಿಲ್ಲ. ಪ್ಲೇಟ್ ಸವೆದರೆ ಸಾಮಾನ್ಯವಾಗಿ ಕ್ಲಚ್ ಸ್ಲಿಪ್ ಆಗುತ್ತದೆ. ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಕೂಗುತ್ತದೆ, ವೇಗ ಏರುವುದಿಲ್ಲ. ನನ್ನದು ತದ್ವಿರುದ್ಧ. ಪೆಡಲ್ ಒತ್ತಿದರೂ ಕ್ಲಚ್ ಎಂಜಿನ್ನನ್ನು ಗೇರ್‌ಬಾಕ್ಸಿನಿಂದ ಬಿಡಿಸುತ್ತಲೇ ಇರಲಿಲ್ಲ.

ಎರಡನೇ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟಲೇ ಇಲ್ಲ. 'ಪೆಡಲ್ ನಾಲ್ಕೈದು ಸಲ ಬೇಗಬೇಗ ಒತ್ತಿ ಗೇರ್ ಹಾಕಿ' ಅಂದರು. ಹಾಕಿದೆ, ಸದ್ದಿಲ್ಲದೆ ಬಿತ್ತು. ಎಂಜಿನ್ ಆಫ್ ಮಾಡಿಸಿ, ಪೆಡಲ್ ಒತ್ತಿ ಹಿಡಿದುಕೊಳ್ಳಲು ಇನ್ನೊಬ್ಬರನ್ನು ಕೂರಿಸಿ, ನನ್ನನ್ನು ಕರೆದು ಸ್ಲೇವ್ ಸಿಲಿಂಡರಿನ (ಆಯಿಲ್ ಒತ್ತಡಕ್ಕೆ ರಾಡ್ ತಳ್ಳುವ, ಗೇರ್‌ಬಾಕ್ಸ್ ಬಳಿಯ ಭಾಗ) ಮೇಲೆ ಟಾರ್ಚ್ ಬಿಟ್ಟರು. ರಾಡ್ ಹೊರಗೆ ಬಂದು ಕ್ಲಚ್ ಬಿಡಿಸುವ ಫೋರ್ಕನ್ನು ತಳ್ಳಿತು. ಒಳಗೆ ಪೆಡಲ್ ಮೇಲಿನ ಕಾಲು ಅಲ್ಲಾಡಿಲ್ಲ, ಆದರೆ ಇಲ್ಲಿ ರಾಡ್ ಮೆಲ್ಲಗೆ ವಾಪಸ್ ಒಳಗೆ ಹೋಗುತ್ತಿತ್ತು. ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್ ಒತ್ತಡ ಹಿಡಿಯುತ್ತಿರಲಿಲ್ಲ. ಆಯಿಲ್ ಹೊರಗೆ ಸೋರದೆ ಸೀಲಿನ ಪಕ್ಕದಿಂದ ಹಿಂದಕ್ಕೆ ಜಾರುತ್ತಿತ್ತು. ಅದಕ್ಕೇ ಡಬ್ಬಿಯಲ್ಲಿ ಮಟ್ಟ ಇಳಿದಿರಲಿಲ್ಲ. ಮಾಸ್ಟರ್ ಸಿಲಿಂಡರ್ ಬದಲಿಸಿ ಆಯಿಲ್ ಲೈನಿನೊಳಗಿನ ಏರ್ ತೆಗೆದರು, ಅಷ್ಟೇ.

ಹಾಗಾಗಿ ಡಬ್ಬಿ ತುಂಬಿದೆ ಅನ್ನುವ ಮಾತಿಗೆ ದಯವಿಟ್ಟು ಸಮಾಧಾನ ಆಗಬೇಡಿ. ಪೆಡಲ್ ಪಂಪ್ ಮಾಡಿದಾಗ ಗೇರ್ ಬಿದ್ದರೆ ಮೊದಲ ಅನುಮಾನ ಆಯಿಲ್ ಲೈನಿನ ಮೇಲೆ: ಏರ್, ಸೋರಿಕೆ, ಇಲ್ಲವೇ ಸೀಲ್. ಪೆಡಲ್ ಮೇಲ್ಗಡೆ, ಅದರ ಕೆಳಗಿನ ಕಾರ್ಪೆಟ್ ಒದ್ದೆಯಾಗಿದೆಯಾ ಮುಟ್ಟಿ ನೋಡಿ. ಸ್ಲೇವ್‌ನ ರಬ್ಬರ್ ಟೋಪಿ ಸರಿಸಿದರೆ ಆಯಿಲ್ ಇಳಿಯುತ್ತದೆಯಾ ನೋಡಿಸಿ. ಆಯಿಲ್ ಬದಲು ಕೇಬಲ್ ಎಳೆಯುವ ಕ್ಲಚ್ ಆದರೆ ಮೊದಲು ನೋಡಬೇಕಾದ್ದು ಕೇಬಲ್ ಮತ್ತು ಅದರ ಅಡ್ಜಸ್ಟ್‌ಮೆಂಟ್. ಕೆಲವು ಕಾರುಗಳಲ್ಲಿ ಸ್ಲೇವ್ ಗೇರ್‌ಬಾಕ್ಸ್ ಕಡೆ ಒಳಗೇ ಕೂತಿರುತ್ತದೆ, ಅಲ್ಲಿ ರಾಡ್ ಕಾಣುವುದಿಲ್ಲ.

ರಾಡ್ ಪೂರ್ತಿ ಹೊರಬಂದು ಅಲ್ಲೇ ನಿಂತರೂ ಗೇರ್ ಬೀಳದಿದ್ದರೆ ಮಾತ್ರ ತೊಂದರೆ ಒಳಗಿದೆ. ಜಾಸ್ತಿ ದಿನ ನಿಂತ ಕಾರಿನಲ್ಲಿ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ (ಎಂಜಿನ್ ಜೊತೆ ತಿರುಗುವ ಚಕ್ರಕ್ಕೆ) ಅಂಟಿರಬಹುದು, ಫೋರ್ಕ್ ಬಾಗಿರಬಹುದು. ಆಗ ಗೇರ್‌ಬಾಕ್ಸ್ ಇಳಿಸಲಿ.