ಹೂಕೋಸಿಗೆ ಸುಣ್ಣವೋ, ಮಾಲಿಬ್ಡೇಟೋ?

ಹೊಸ ಎಲೆಯಲ್ಲಿ ನಡುದಿಂಡಷ್ಟೇ ಉಳಿದು, ಅಂಚು ಹರಕಲಾಗಿ ಚಾಟಿಯಂತೆ ಸುರುಟಿದರೆ ಮಾಲಿಬ್ಡಿನಂ (ಗಿಡಕ್ಕೆ ಅತಿ ಸ್ವಲ್ಪವೇ ಬೇಕಾದ ಪೋಷಕಾಂಶ) ಕೊರತೆ ಎನ್ನಿ. ತೀರ್ಥಹಳ್ಳಿ, ಹೊಸನಗರದ ಕಡೆಯ ಹುಳಿ ಮಣ್ಣಿನಲ್ಲಿ ಅದು ಇದ್ದರೂ ಕಬ್ಬಿಣದ ಆಕ್ಸೈಡಿಗೆ ಅಂಟಿಕೊಂಡಿರುತ್ತದೆ, ಬೇರಿಗೆ ದಕ್ಕದು.

ಬೆಳೆ ಹೊಲದಲ್ಲೇ ಇದ್ದರೆ ಸಿಂಪಡಣೆಯೇ ದಾರಿ. ಲೀಟರ್ ನೀರಿಗೆ ಅರ್ಧ ಗ್ರಾಂ ಅಮೋನಿಯಂ ಮಾಲಿಬ್ಡೇಟ್ (ಮಾಲಿಬ್ಡಿನಂ ಇರುವ ಲವಣ), ಜೊತೆಗೆ ಹನಿಯನ್ನು ಎಲೆಗೆ ಹಿಡಿಸುವ ಸ್ಟಿಕ್ಕರ್ ಅಂಟು. ಇಲ್ಲದಿದ್ದರೆ ಮೇಣದಂಥ ಎಲೆಯಿಂದ ಹನಿ ಜಾರಿಹೋಗುತ್ತದೆ. ಅಮೋನಿಯಂ ಮಾಲಿಬ್ಡೇಟಿನಲ್ಲಿ ಮಾಲಿಬ್ಡಿನಂ ಸುಮಾರು 54%, ಇನ್ನೊಂದು ಲವಣವಾದ ಸೋಡಿಯಂ ಮಾಲಿಬ್ಡೇಟಿನಲ್ಲಿ 39%. ಬೆಲೆ ಕೇಳುವಾಗ ಈ ಲೆಕ್ಕ ನೆನಪಿರಲಿ. ಕೆಟ್ಟ ಎಲೆ ಸರಿಯಾಗದು, ಹೊಸದು ನೆಟ್ಟಗೆ ಬರುತ್ತದೆ.

ನಾಟಿಗೆ ಒಂದೆರಡು ತಿಂಗಳಿದ್ದು, ಮಣ್ಣಿನ ಪಿಎಚ್ (ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕೆಳಗಿದ್ದರೆ ಸುಣ್ಣ ಮೇಲು: ಹುಳಿ ತಗ್ಗಿದರೆ ಅಂಟಿಕೊಂಡ ಮಾಲಿಬ್ಡಿನಂ ಬಿಟ್ಟುಕೊಂಡು ಬೇರಿಗೆ ದಕ್ಕುತ್ತದೆ. ಮೂಟೆ ಹೊರುವ ಕೂಲಿಯೇ ಭಾರ, ಆದರೆ ಪರಿಣಾಮ ವರ್ಷಗಟ್ಟಲೆ. ಮಣ್ಣು ಪರೀಕ್ಷೆ ಹೇಳಿದ್ದಕ್ಕಿಂತ ಜಾಸ್ತಿ ಸುರಿದರೆ ಸತು, ಬೋರಾನ್ ಸಿಗದಾಗುತ್ತವೆ.

ಮೇವಿನ ಹೊಲಕ್ಕೆ ಮಾಲಿಬ್ಡೇಟ್ ಅಳತೆ ಮೀರಬಾರದು: ದನಕ್ಕೆ ತಾಮ್ರ ದಕ್ಕದೆ ಭೇದಿ ಶುರುವಾಗುತ್ತದೆ.