ಮೆಲ್ಬರ್ನ್ ಫೂಟಿ ಫೈನಲ್ಸ್ ಟಿಕೆಟ್: ಕಲಬುರಗಿಯಿಂದ ಬುಕ್ ಮಾಡುವವರಿಗೆ

ಮಕ್ಕಳು ಮೆಲ್ಬರ್ನ್‌ನಲ್ಲಿ ಓದುತ್ತಿದ್ದರೆ, ಸೆಪ್ಟೆಂಬರ್‌ನಲ್ಲಿ ನೋಡಲು ಹೊರಟ ತಂದೆ-ತಾಯಿ ಕೇಳುವ ಪ್ರಶ್ನೆ ಇದು: ‘ಎಂಸಿಜಿ ಒಳಗ ಫೈನಲ್ ನೋಡ್ಲಿಕ್ಕೆ ಟಿಕೆಟ್ ಸಿಗ್ತದೇನ್ರಿ?’ (ಎಂಸಿಜಿ ಎಂದರೆ ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್, ಫೂಟಿ ಎಂದರೆ ಆಸ್ಟ್ರೇಲಿಯದವರದೇ ಆದ ಫುಟ್‌ಬಾಲ್.) ಕಪ್ ತೀರ್ಮಾನವಾಗುವ ಗ್ರ್ಯಾಂಡ್ ಫೈನಲ್‌ಗೆ ಸಿಗಂಗಿಲ್ರಿ. ಅದಕ್ಕೂ ಮುಂಚಿನ ವಾರಗಳ ಫೈನಲ್ಸ್ (ಲೀಗ್ ಆಟ ಮುಗಿದ ಮೇಲಿನ ಹಂತದ) ಪಂದ್ಯಗಳಿಗೆ ಸಿಗುತ್ತದೆ, ಕ್ರಮ ತಿಳಿದು ಕೂತರೆ. ಒಂದೇ ಟಿಕೆಟ್ ಸೇವೆ ಒಂದು ಕಡೆ ಇಷ್ಟು ಚೆನ್ನಾಗಿ, ಇನ್ನೊಂದು ಕಡೆ ಇಷ್ಟು ಬಿಗಿಯಾಗಿ ಏಕಿದೆ ಎಂಬುದನ್ನು ಅರ್ಥ ಮಾಡಿಕೊಂಡರೆ ದುಡ್ಡೂ ಉಳಿಯುತ್ತದೆ, ನಿರಾಸೆಯೂ ತಪ್ಪುತ್ತದೆ.

ಮೊದಲು ಆಟದ ಲೆಕ್ಕ. ಫೂಟಿಯ ರಾಷ್ಟ್ರೀಯ ಲೀಗ್ ಆದ ಎಎಫ್‌ಎಲ್‌ನಲ್ಲಿ 18 ತಂಡಗಳು, ಅದರಲ್ಲಿ 10 ಮೆಲ್ಬರ್ನ್ ಇರುವ ವಿಕ್ಟೋರಿಯ ರಾಜ್ಯದವು. 2025ರವರೆಗೆ ಮೊದಲ ಎಂಟು ಸ್ಥಾನದ ತಂಡಗಳು ಫೈನಲ್ಸ್‌ಗೆ ಬರುತ್ತಿದ್ದವು. ಮೊದಲ ವಾರ 1–4, 2–3, 5–8, 6–7 ಹೀಗೆ ಜೋಡಿ. ಮೇಲಿನ ನಾಲ್ಕು ತಂಡಗಳಿಗೆ ಸೋತರೂ ಇನ್ನೊಂದು ಅವಕಾಶ, ಕೆಳಗಿನ ನಾಲ್ಕಕ್ಕೆ ಸೋತರೆ ಮನೆ. ಎರಡನೇ ವಾರ ಸೆಮಿಫೈನಲ್, ಮೂರನೇ ವಾರ ಪ್ರಿಲಿಮಿನರಿ ಫೈನಲ್, ನಾಲ್ಕನೇ ವಾರ ಗ್ರ್ಯಾಂಡ್ ಫೈನಲ್. 2026ರಿಂದ ಇದಕ್ಕೂ ಮೊದಲು ಆಡುವ ವೈಲ್ಡ್‌ಕಾರ್ಡ್ ಸುತ್ತೊಂದು ಸೇರಿದೆ: 7ನೇ ತಂಡ 10ನೆಯದರ ಮೇಲೆ, 8ನೆಯದು 9ನೆಯದರ ಮೇಲೆ ಆಡಿ ಗೆದ್ದವರಷ್ಟೇ ಒಳಗೆ. ಹತ್ತನೇ ಸ್ಥಾನದಲ್ಲಿ ಮುಗಿಸಿದವರಿಗೂ ಕಪ್ ಗೆಲ್ಲುವ ದಾರಿ ತೆರೆಯುವುದು ಇಡೀ ಋತು ಬೆವರು ಸುರಿಸಿ ಏಳನೆಯದಾದ ತಂಡಕ್ಕೆ ಅನ್ಯಾಯ ಎನ್ನುವವರ ಮಾತು ನನಗೂ ಸರಿ ಕಾಣುತ್ತದೆ. ಆದರೆ ಟಿಕೆಟ್ ಕೊಳ್ಳುವವರಿಗೆ ಅದು ಇನ್ನೊಂದು ಬಾಗಿಲು.

ಇಲ್ಲಿ ಜನ ಎಡವುವುದು ಮೈದಾನದ ವಿಷಯದಲ್ಲಿ. ಫೈನಲ್ಸ್ ಎಂದರೆ ಎಲ್ಲವೂ ಎಂಸಿಜಿ ಎಂದುಕೊಳ್ಳುತ್ತಾರೆ. ಗ್ರ್ಯಾಂಡ್ ಫೈನಲ್ ಬಿಟ್ಟರೆ ಉಳಿದ ಪಂದ್ಯ ನಡೆಯುವುದು ಆತಿಥೇಯ ತಂಡದ ರಾಜ್ಯದಲ್ಲಿ. 2025ರಲ್ಲಿ ಎರಡೂ ಪ್ರಿಲಿಮಿನರಿ ಫೈನಲ್ ಎಂಸಿಜಿಯಲ್ಲೇ ಆದವು: ಜೀಲಾಂಗ್–ಹಾಥಾರ್ನ್, ಕಾಲಿಂಗ್‌ವುಡ್–ಬ್ರಿಸ್ಬೇನ್. 2024ರಲ್ಲಿ ಒಂದು ಸಿಡ್ನಿಗೆ ಹೋಯಿತು. ಯಾರ ವಿರುದ್ಧ ಯಾರು, ಎಲ್ಲಿ ಎಂಬುದು ಹಿಂದಿನ ವಾರದ ಆಟ ಮುಗಿಯುವ ತನಕ ಗೊತ್ತಾಗುವುದಿಲ್ಲ. ಹೈದರಾಬಾದ್‌ನಿಂದ ಸಿಂಗಪುರ ಅಥವಾ ಕ್ವಾಲಾಲಂಪುರ ಮೂಲಕ ಹೋಗುವ ವಿಮಾನದ ಟಿಕೆಟನ್ನು ತಿಂಗಳುಗಟ್ಟಲೆ ಮೊದಲೇ ತೆಗೆಯಬೇಕಾದ ನಮ್ಮವರಿಗೆ ಇದೇ ತಲೆನೋವು. ಮೆಲ್ಬರ್ನ್‌ನಲ್ಲಿ ಸೆಪ್ಟೆಂಬರ್‌ನ ಮೊದಲ ಮೂರು ವಾರ ಇರುವಂತೆ ನೋಡಿಕೊಳ್ಳಿ. ಅಷ್ಟು ದಿನದಲ್ಲಿ ಎಂಸಿಜಿಯಲ್ಲಿ ಒಂದಾದರೂ ಪಂದ್ಯ ಸಿಗುವ ಸಂಭವ ಹೆಚ್ಚು. ಕಡೆಯ ವಾರಕ್ಕೆಂದೇ ಹೋಗುವುದು ಬೇಡ.

ಬುಕಿಂಗ್ ನಡೆಯುವುದು ಮೈದಾನಕ್ಕೆ ತಕ್ಕಂತೆ ಟಿಕೆಟೆಕ್‌ನಲ್ಲೋ ಟಿಕೆಟ್‌ಮಾಸ್ಟರ್‌ನಲ್ಲೋ. ಎರಡರಲ್ಲೂ ಖಾತೆ ಮೊದಲೇ ತೆರೆದು, ಇಮೇಲ್ ಮತ್ತು ಫೋನ್ ನಂಬರ್ ಖಚಿತಪಡಿಸಿ ಇಡಬೇಕು. ವಾರದ ಆರಂಭದಲ್ಲಿ ಮಾರಾಟದ ವೇಳೆ ಪ್ರಕಟವಾಗುತ್ತದೆ. ಕ್ಲಬ್ಬುಗಳ ಸದಸ್ಯರಿಗೆ ಮೊದಲು, ಸಾರ್ವಜನಿಕರಿಗೆ ಆಮೇಲೆ. ಸೆಪ್ಟೆಂಬರ್‌ನಲ್ಲಿ ಮೆಲ್ಬರ್ನ್ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ 9ಕ್ಕೆ ಮಾರಾಟ ಎಂದರೆ ಕಲಬುರಗಿಯಲ್ಲಿ ನಸುಕಿನ 4:30. ಮಾರಾಟಕ್ಕೆ ಮೊದಲೇ ಕಾಯುವ ಪುಟಕ್ಕೆ ಹೋಗಿ ಕೂರಬೇಕು. ಆಮೇಲೆ ಪುಟವನ್ನು ರಿಫ್ರೆಶ್ ಮಾಡಬಾರದು, ಸರದಿ ಕಳೆದುಹೋಗಬಹುದು. ನಾಲ್ಕೈದು ಟ್ಯಾಬ್ ತೆರೆದರೆ ಲಾಭವಿಲ್ಲ, ಯಂತ್ರ ಅನುಮಾನಪಡುತ್ತದೆ. ಒಳಗೆ ಹೋದ ಮೇಲೆ ಇಂಥದ್ದೇ ಸೀಟು ಬೇಕೆಂದು ನಕ್ಷೆಯಲ್ಲಿ ಹುಡುಕುತ್ತ ಕೂತವರು ಸಾಮಾನ್ಯವಾಗಿ ಕೈ ಚೆಲ್ಲುತ್ತಾರೆ. ‘ಸಿಗುವುದರಲ್ಲಿ ಉತ್ತಮ’ ಎಂಬ ಆಯ್ಕೆ ಒತ್ತಿ ಮುಂದೆ ಹೋಗಿ.

ಅತಿ ಹೆಚ್ಚು ಕೆಡುವುದು ಹಣ ಕಟ್ಟುವಾಗ. ಯುಪಿಐ ನಡೆಯುವುದಿಲ್ಲ. ರುಪೇ ಕಾರ್ಡನ್ನು ನೆಚ್ಚಿಕೊಳ್ಳಬೇಡಿ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರಲಿ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಬಂದ್ ಆಗಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಮತ್ತು ಆನ್‌ಲೈನ್ ಎರಡನ್ನೂ ಆನ್ ಮಾಡಿ, ಮಿತಿಯನ್ನೂ ಏರಿಸಬೇಕು. ಒಂದು ಆನ್ ಮಾಡಿ ಇನ್ನೊಂದು ಮರೆತರೂ ಕಾರ್ಡ್ ತಿರಸ್ಕಾರವಾಗುತ್ತದೆ. ಕಾರ್ಡು ಮಗನ ಕೈಯಲ್ಲಿ ಮೆಲ್ಬರ್ನ್‌ನಲ್ಲಿ, ಒಟಿಪಿ ಅಪ್ಪನ ಫೋನಿಗೆ ಸೇಡಂ ರಸ್ತೆಯ ಮನೆಯಲ್ಲಿ ಎಂದಾದರೆ, ಒಟಿಪಿ ಕಳಿಸುವಷ್ಟರಲ್ಲಿ ಸೈಟು ನಿಮಗಾಗಿ ಹಿಡಿದಿಟ್ಟ ಸಮಯ ಮುಗಿದು ಸೀಟು ವಾಪಸು. ಕೆಲವು ಬ್ಯಾಂಕುಗಳು ಒಟಿಪಿ ಇಲ್ಲದ ವಿದೇಶಿ ವ್ಯವಹಾರವನ್ನೇ ತಡೆಯುತ್ತವೆ. ಬುಕಿಂಗ್ ಶುಲ್ಕದ ಮೇಲೆ ಬ್ಯಾಂಕಿನ ವಿನಿಮಯ ಶುಲ್ಕ, ಅದರ ಮೇಲೆ ಜಿಎಸ್‌ಟಿ ಬೇರೆ. ಅಲ್ಲಿ ಓದುವ ಮಗನಿಗೋ ಮಗಳಿಗೋ ಆಸ್ಟ್ರೇಲಿಯದ ಬ್ಯಾಂಕ್ ಖಾತೆ ಇದ್ದೇ ಇರುತ್ತದಲ್ಲ, ಅದರ ಡೆಬಿಟ್ ಕಾರ್ಡಿನಿಂದಲೇ ಕಟ್ಟಿಸಿ. ಈ ಒಂದು ಹೆಜ್ಜೆಯಿಂದ ಮುಕ್ಕಾಲು ತೊಂದರೆ ಹೋಗುತ್ತದೆ.

ಟಿಕೆಟ್ ಫೋನಿನಲ್ಲಿ ಬರುತ್ತದೆ. ಸ್ಕ್ರೀನ್‌ಶಾಟ್ ನಂಬಬೇಡಿ, ಬಾರ್‌ಕೋಡ್ ಬದಲಾಗುತ್ತಿದ್ದರೆ ಗೇಟಿನಲ್ಲಿ ಅದು ಓದುವುದಿಲ್ಲ. ಮನೆಯಲ್ಲಿ ವೈಫೈ ಇರುವಾಗಲೇ ವಾಲೆಟ್‌ಗೆ ಸೇರಿಸಿಕೊಳ್ಳಿ, ಏಕೆಂದರೆ ತೊಂಬತ್ತು ಸಾವಿರ ಜನ ಸೇರಿದ ಕಡೆ ನೆಟ್‌ವರ್ಕ್ ಹೂಂ ಅನ್ನುವುದಿಲ್ಲ. ಅವ್ವ-ಅಪ್ಪನ ಟಿಕೆಟ್ ಒಂದೇ ಫೋನಿನಲ್ಲಿದ್ದರೆ ಎಲ್ಲರೂ ಒಟ್ಟಿಗೇ ಗೇಟಿಗೆ ಹೋಗಬೇಕು.

ಸೀಟಿನ ಮಾತು. ಮೊಣಕಾಲು ನೋವಿರುವವರಿಗೆ ನಾಲ್ಕನೇ ಮಜಲು ಬೇಡ, ಮೆಟ್ಟಿಲು ಕಡಿದು. ಆದರೆ ಆಟ ತಿಳಿಯಬೇಕೆಂದರೆ ಎತ್ತರವೇ ಒಳ್ಳೆಯದು. ಇದು ಒಂದೊಂದು ಕಡೆ 18 ಆಟಗಾರರು ದೊಡ್ಡ ಅಂಡಾಕಾರದ ಮೈದಾನದಲ್ಲಿ ಆಡುವ ಆಟ. ಚೆಂಡು ಬರುವ ಮೊದಲೇ ಆಟಗಾರರು ಎಲ್ಲಿ ಜಾಗ ಮಾಡಿಕೊಳ್ಳುತ್ತಾರೆ ಎಂಬುದು ಕೆಳಗಿನಿಂದ ಕಾಣುವುದಿಲ್ಲ. ಗೋಲ್ ಕಂಬಗಳ ಹಿಂದಿನ ಸೀಟಿಗಿಂತ ಪಕ್ಕದ ಸೀಟು ಮೇಲು. ಕೆಳಗಿನ ಮಜಲಿನ ಮುಂದಿನ ಸಾಲುಗಳಲ್ಲಿ ಮಳೆ ಬಂದರೆ ನೆನೆಯುತ್ತೀರಿ, ಮತ್ತು ಸೆಪ್ಟೆಂಬರ್‌ನ ಮೆಲ್ಬರ್ನ್ ಸಂಜೆಯ ಚಳಿ ನಮ್ಮ ಬಿಸಿಲಿನ ಜನಕ್ಕೆ ತಡೆಯುವಂಥದ್ದಲ್ಲ. ಸ್ವೆಟರ್ ಮೇಲೆ ಜಾಕೆಟ್ ಬೇಕು. ಮನೆಯ ಬುತ್ತಿ ಒಯ್ಯಬಹುದು, ಗಾಜಿನ ಬಾಟಲಿ, ಡಬ್ಬಿ ಪಾನೀಯ, ಮದ್ಯ ಒಯ್ಯುವಂತಿಲ್ಲ. ಕಟಕ್ ರೊಟ್ಟಿ, ಶೇಂಗಾ ಹಿಂಡಿ ಊರಿಂದಲೇ ತಂದಿದ್ದರೆ ವಿಮಾನ ನಿಲ್ದಾಣದಲ್ಲಿ ಫಾರ್ಮ್ ತುಂಬುವಾಗ ತಿನಿಸು ಇದೆ ಎಂದು ಬರೆಯಲೇಬೇಕು, ಮುಚ್ಚಿಟ್ಟರೆ ದಂಡ.

ಇನ್ನು ಗ್ರ್ಯಾಂಡ್ ಫೈನಲ್. ಎಂಸಿಜಿ ಹಿಡಿಸುವುದು ಸುಮಾರು ಒಂದು ಲಕ್ಷ. 2025ರಲ್ಲಿ ಬ್ರಿಸ್ಬೇನ್ ಜೀಲಾಂಗನ್ನು 47 ಅಂಕಗಳಿಂದ ಮಣಿಸಿದಾಗಲೂ, 2024ರಲ್ಲಿ ಸಿಡ್ನಿಯನ್ನು 60ರಿಂದ ಸದೆಬಡಿದಾಗಲೂ ಮೈದಾನ ತುಂಬಿತ್ತು. ಆದರೆ ಈಚಿನ ವರ್ಷಗಳಲ್ಲಿ ಆಡುವ ಎರಡು ಕ್ಲಬ್ಬುಗಳ ಸದಸ್ಯರಿಗೆ ಸಿಗುವುದು ತಲಾ ಸುಮಾರು 17 ಸಾವಿರ ಟಿಕೆಟ್. ಉಳಿದದ್ದು ಮೈದಾನವನ್ನು ನೋಡಿಕೊಳ್ಳುವ ಮೆಲ್ಬರ್ನ್ ಕ್ರಿಕೆಟ್ ಕ್ಲಬ್ಬಿನ ಸದಸ್ಯರಿಗೆ, ಎಎಫ್‌ಎಲ್ ಸದಸ್ಯರಿಗೆ, ಕಂಪನಿಗಳ ಊಟ-ಸಹಿತ ಪ್ಯಾಕೇಜುಗಳಿಗೆ ಹಂಚಿಹೋಗುತ್ತದೆ. ಕಾಲಿಂಗ್‌ವುಡ್‌ನಂಥ ಕ್ಲಬ್ಬಿನ ಸದಸ್ಯರೇ ಲಕ್ಷ ದಾಟಿದ್ದಾರೆ. ವರ್ಷವಿಡೀ ಮಳೆಯಲ್ಲಿ ನೆನೆದು ತಂಡದ ಹಿಂದೆ ತಿರುಗಿದವನು ಲಾಟರಿ ಹೆಸರಲ್ಲಿ ಹೊರಗುಳಿಯುತ್ತಾನೆ, ಆಟದ ನಿಯಮ ಗೊತ್ತಿಲ್ಲದ ಅತಿಥಿ ಒಳಗೆ ಕೂರುತ್ತಾನೆ. ಅಭಿಮಾನಿಗಳ ಸಿಟ್ಟು ಇದರ ಮೇಲೆ, ಮತ್ತು ಆ ಸಿಟ್ಟು ನ್ಯಾಯವಾದದ್ದು. ಶರಣಬಸವೇಶ್ವರರ ತೇರಿನ ದಿನ ಊರ ಭಕ್ತರನ್ನು ಹೊರಗಿಟ್ಟು ಪಾಸು ಇದ್ದವರಿಗಷ್ಟೇ ಜಾಗ ಬಿಟ್ಟರೆ ಕಲಬುರಗಿ ಸುಮ್ಮನಿರುತ್ತದೆಯೇ?

ಇನ್ನೊಂದು ಜಗಳ ಮೈದಾನದ್ದು. ಗ್ರ್ಯಾಂಡ್ ಫೈನಲ್ 2059ರವರೆಗೆ ಎಂಸಿಜಿಯಲ್ಲೇ ಎಂದು ಒಪ್ಪಂದವಾಗಿದೆ. ಕೋವಿಡ್‌ನಿಂದಾಗಿ 2020ರಲ್ಲಿ ಬ್ರಿಸ್ಬೇನ್‌ನ ಗಾಬಾಗೆ, 2021ರಲ್ಲಿ ಪರ್ತ್‌ಗೆ ಹೋಗಿದ್ದು ಮಾತ್ರ ಹೊರತು. 2024ರಲ್ಲಿ ಸಿಡ್ನಿ ಅಗ್ರಸ್ಥಾನದಲ್ಲಿ ಮುಗಿಸಿತ್ತು, ಎದುರಾಳಿ ಬ್ರಿಸ್ಬೇನ್. ಎರಡೂ ಹೊರರಾಜ್ಯದವು, ಆದರೂ ಎರಡೂ ಕಡೆಯ ಅಭಿಮಾನಿಗಳು ಮೆಲ್ಬರ್ನ್‌ಗೆ ಹಾರಬೇಕಾಯಿತು. ಹೋಟೆಲ್, ವಿಮಾನದ ದರ ಆ ವಾರ ಆಕಾಶಕ್ಕೇರುತ್ತದೆ. ಜೀಲಾಂಗ್‌ನವರ ದೂರು ಇದಕ್ಕೂ ಹಳೆಯದು: ತವರಿನ ಫೈನಲ್ ಗಳಿಸಿದರೂ 2017ರಲ್ಲಿ ರಿಚ್ಮಂಡ್ ವಿರುದ್ಧ ರಿಚ್ಮಂಡ್‌ನದೇ ಅಂಗಳವಾದ ಎಂಸಿಜಿಯಲ್ಲಿ ಆಡಿಸಿದರು. ಎಂಸಿಜಿಯಲ್ಲಿ ಆಡಿಸಿದರೆ ಹೆಚ್ಚು ಜನ ನೋಡಬಹುದು ಎಂಬ ಸಮರ್ಥನೆ ಟಿಕೆಟ್ ಸಿಗದವರಿಗೆ ಹಿತವಾದರೂ, ತವರಿನ ಹಕ್ಕನ್ನು ಹೀಗೆ ಮಾರುವುದು ಸರಿಯಲ್ಲ.

ಮರುಮಾರಾಟದ ಬಗ್ಗೆ ಎಚ್ಚರ. ವಿಕ್ಟೋರಿಯದ ಕಾನೂನಿನಂತೆ ಗ್ರ್ಯಾಂಡ್ ಫೈನಲ್ ಟಿಕೆಟನ್ನು ಮುದ್ರಿತ ಬೆಲೆಗಿಂತ 10%ಕ್ಕೂ ಹೆಚ್ಚಿಗೆ ಮಾರುವುದು ಅಪರಾಧ. ಗೂಗಲ್‌ನಲ್ಲಿ ಹುಡುಕಿದಾಗ ಮೊದಲು ಕಾಣುವ ಸೈಟು ಅಧಿಕೃತ ಎಂದುಕೊಳ್ಳಬೇಡಿ. ಮರುಮಾರಾಟದ ಸೈಟಾದ ವಯಾಗೋಗೋ ತಾನು ಅಧಿಕೃತ ಮಾರಾಟಗಾರ ಎಂಬಂತೆ ಗ್ರಾಹಕರನ್ನು ದಾರಿ ತಪ್ಪಿಸಿತೆಂದು 2020ರಲ್ಲಿ ಆಸ್ಟ್ರೇಲಿಯದ ಫೆಡರಲ್ ಕೋರ್ಟ್ 70 ಲಕ್ಷ ಡಾಲರ್ ದಂಡ ಹಾಕಿದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ‘ನನ್ನ ಹತ್ತಿರ ನಾಲ್ಕು ಎಕ್ಸ್‌ಟ್ರಾ ಇವೆ’ ಎನ್ನುವವರಿಗೆ ಮೊದಲು ಹಣ ಹಾಕಬೇಡಿ. ಟಿಕೆಟ್ ನಿಮ್ಮ ಖಾತೆಗೆ ವರ್ಗವಾಗದ ಹೊರತು ಅದು ಟಿಕೆಟೇ ಅಲ್ಲ.

ಕಡೆಯ ವಾರವೂ ಅಲ್ಲೇ ಇದ್ದರೆ ಗ್ರ್ಯಾಂಡ್ ಫೈನಲ್‌ನ ಹಿಂದಿನ ದಿನ, ಶುಕ್ರವಾರ, ತಂಡಗಳ ಮೆರವಣಿಗೆ ನೋಡಿ. 2015ರಿಂದ ಆ ದಿನ ವಿಕ್ಟೋರಿಯದಲ್ಲಿ ಸಾರ್ವಜನಿಕ ರಜೆ, ನೋಡಲು ದುಡ್ಡು ಕೊಡಬೇಕಿಲ್ಲ, ಎರಡೂ ತಂಡದ ಆಟಗಾರರು ಕಾಣಸಿಗುತ್ತಾರೆ. ಊರಲ್ಲೇ ಇರುವವರಿಗೆ ಗ್ರ್ಯಾಂಡ್ ಫೈನಲ್ ಮಧ್ಯಾಹ್ನ 2:30ಕ್ಕೆ ಶುರುವಾದರೆ ನಮ್ಮಲ್ಲಿ ಶನಿವಾರ ಬೆಳಿಗ್ಗೆ 10 ಗಂಟೆ.